ಜುಲೈ ಒಂದನೆಯ ತಾರೀಖು: ಒಂದು ದಿನದ ಚರಿತ್ರಪಾಠ

ಚರಿತ್ರೆಯ ಪಾಠವೆಂದರೆ ತಾರೀಖುಗಳನ್ನು ಬಾಯಿಪಾಠ ಮಾಡುವುದೆಂಬ ಭಾವನೆ ನಮ್ಮ ಮಕ್ಕಳಲ್ಲಿ ಬಹುಕಾಲದಿಂದ ಬೇರೂರಿದೆ. ಪರೀಕ್ಷೆಯು ಸಮೀಪಿಸಿದಾಗ ಇಸವಿಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಅಂಗಳದಲ್ಲಿ ಅತ್ತಿತ್ತ ನಡೆಯುತ್ತ ಪಠಿಸುವುದೂ, ಪರೀಕ್ಷೆ ಮುಗಿದ ಮರುದಿನವೇ ಅವೆಲ್ಲವೂ ಮರೆತುಹೋಗುವುದೂ ತಂದೆತಾಯಂದಿರೆಲ್ಲರೂ ಕಂಡ ಸಂಗತಿಯೇ. ತಾರೀಖೆಂಬುದು ತನ್ನಷ್ಟಕ್ಕೆ ಬರಿಯ ಒಂದು ಗೂಟ. ಗೂಟಗಳನ್ನು ಎಣಿಸಿದ ಮಾತ್ರಕ್ಕೆ ಫಲವಿಲ್ಲ. ಗೂಟಕ್ಕೆ ಏನನ್ನು ಕಟ್ಟಿದೆಯೆಂಬುದನ್ನು ನೋಡಬೇಕು. ಆದುದರಿಂದ ಈ ಲೇಖನದಲ್ಲಿ ವರ್ಷದ ಒಂದೇ ಒಂದು ದಿನವನ್ನು, ಎಂದರೆ ಜುಲೈ ತಿಂಗಳ ಒಂದನೆಯ ತಾರೀಖನ್ನು, ಆರಿಸಿಕೊಂಡು, ಬೇರೆ ಬೇರೆ ಇಸವಿಗಳಲ್ಲಿ ಆ ದಿನ ನಡೆದ ಕೆಲವು ಸಂಗತಿಗಳನ್ನು ಒಟ್ಟಿಗೆ ಇಟ್ಟು ವಿಚಾರಿಸೋಣ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವುದರಿಂದ, ಮಕ್ಕಳಿಗೆ ಚರಿತ್ರೆಯನ್ನು ಹೇಳಿಕೊಡುವ ಒಂದು ದಾರಿಯೂ ಇದರಿಂದ ಅವರಿಗೆ ಸಿಕ್ಕಬಹುದು.

೧. ಮಂಗಳೂರಿನ ನಾಲ್ಕು ಪುಟಗಳು

ನಮ್ಮ ನಾಡಿನಿಂದಲೇ ಪ್ರಾರಂಭಿಸೋಣ. ೧೮೪೩ನೆಯ ಇಸವಿ ಜುಲೈ ೧ರಂದು ಕನ್ನಡದ ಮೊದಲನೆಯ ವರ್ತಮಾನಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ಮಂಗಳೂರಿನಿಂದ ಹೊರಟಿತು. ಅದರ ಸಂಪಾದಕರು ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗರು. ಜರ್ಮನಿಯಲ್ಲಿ ೧೮೧೧ರಲ್ಲಿ ಹುಟ್ಟಿದ ಇವರು ೧೮೩೬ರಲ್ಲಿ ಈ ದೇಶಕ್ಕೆ ಬಂದು, ಕನ್ನಡವನ್ನು ಶ್ರದ್ಧೆಯಿಂದ ಕಲಿತು, ಆ ಭಾಷೆಯಲ್ಲಿಯೇ ಜನರೊಡನೆ ಮಾತನಾಡಬೇಕೆಂದು ನಿಶ್ಚಯಿಸಿದವರು. ಪತ್ರಿಕೆಗೆ ನಾಲ್ಕೇ ಪುಟಗಳು. ಹದಿನೈದು ದಿನಗಳಿಗೊಮ್ಮೆ ಅದು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಕಲ್ಲಚ್ಚೆಂದರೆ, ಜಿಡ್ಡುಳ್ಳ ಮಸಿಯ ಬರಹವನ್ನು ನಯಗೊಳಿಸಿದ ಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ನೀರಿನಿಂದ ತೋಯಿಸಿ, ಮೇಲೆ ಮಸಿಯನ್ನು ಉರುಳಿಸಿ ಕಾಗದವನ್ನು ಒತ್ತುವ ಕ್ರಮ. ನೀರು ಇದ್ದ ಕಡೆ ಮಸಿ ಹಿಡಿಯದು. ಜಿಡ್ಡಿನ ಅಕ್ಷರಗಳ ಮೇಲೆ ಮಾತ್ರ ನಿಲ್ಲುವುದು. ಹೀಗೆ ಅಚ್ಚಿನ ಮೊಳೆಗಳ ಸಹಾಯವಿಲ್ಲದೆಯೇ ಕೈಬರಹವು ಅನೇಕ ಪ್ರತಿಗಳಾಗುತ್ತಿತ್ತು.

ಊರಿನ ವರ್ತಮಾನ, ಸರಕಾರದ ನಿರೂಪಗಳು, ಪರರಾಜ್ಯಗಳ ಸುದ್ದಿ, ಕಥೆ, ಬುದ್ಧಿಮಾತು ಇವೆಲ್ಲವೂ ಆ ನಾಲ್ಕು ಪುಟಗಳಲ್ಲಿ ಸೇರಿದುವು. ಒಂದು ವರ್ಷವೂ ತುಂಬುವುದರೊಳಗೆ ಪತ್ರಿಕೆಯು ಮಂಗಳೂರನ್ನು ಬಿಟ್ಟು ಬಳ್ಳಾರಿಯ ಮೊಳೆಯಚ್ಚನ್ನು ಸೇರಿ, ‘ಕನ್ನಡ ಸಮಾಚಾರ’ವೆಂದು ಹೆಸರನ್ನು ಬದಲಾಯಿಸಿಕೊಂಡಿತು. ಅಷ್ಟು ಅಲ್ಪಾಯುಷ್ಯದ ಪತ್ರಿಕೆಯಾದರೂ ಅದು ಹಾಕಿದ ದಾರಿಯಲ್ಲಿ ಅನಂತರ ನೂರಾರು ಪತ್ರಿಕೆಗಳು ನಡೆದುವು. ಕರ್ನಾಟಕದಲ್ಲಿ ಈಗ ಪ್ರತಿ ವರ್ಷ ಜುಲೈ ೧ನ್ನು ಪತ್ರಿಕಾ ದಿನವಾಗಿ ಆಚರಿಸುವುದು ಈ ಕಾರಣದಿಂದಲೇ. ಕಲ್ಲಿನ ಮೇಲೆ ಕಾಗದವನ್ನು ಒತ್ತಿದ ಕೈಗಳಿಗಾದರೋ ತಾವು ನಾಡಿನ ಚರಿತ್ರೆಯ ಒಂದು ಹೊಸ ಪುಟವನ್ನು ಒತ್ತುತ್ತಿದ್ದೇವೆಂಬುದು ತಿಳಿದಿರಲಾರದು.

೨. ಲಂಡನ್ನಿನ ಒಂದು ಸಭೆ

ಹದಿನೈದು ವರ್ಷಗಳ ತರುವಾಯ, ೧೮೫೮ನೆಯ ಜುಲೈ ೧ರಂದು, ಲಂಡನ್ ಪಟ್ಟಣದ ಲಿನೇಯನ್ ಸೊಸೈಟಿಯೆಂಬ ವಿದ್ವತ್ಸಭೆಯಲ್ಲಿ ಸುಮಾರು ಮೂವತ್ತು ಮಂದಿ ಕೂಡಿದ್ದರು. ಜೀವಜಾತಿಗಳು ಕಾಲಕ್ರಮದಲ್ಲಿ ಹೇಗೆ ಬದಲಾಗುತ್ತವೆಂಬುದನ್ನು ಕುರಿತು ಚಾರ್ಲ್ಸ್ ಡಾರ್ವಿನ್ ಮತ್ತು ಆಲ್ಫ್ರೆಡ್ ರಸೆಲ್ ವಾಲೇಸ್ ಎಂಬಿಬ್ಬರು ಬರೆದುದನ್ನು ಆ ದಿನ ಅಲ್ಲಿ ಓದಲಾಯಿತು. ಬರೆದವರಿಬ್ಬರೂ ಸಭೆಯಲ್ಲಿರಲಿಲ್ಲ. ವಾಲೇಸರು ಸಾವಿರಾರು ಮೈಲಿಗಳ ದೂರದಲ್ಲಿ ನ್ಯೂಗಿನಿ ದ್ವೀಪದಲ್ಲಿ ಪಕ್ಷಿಕೀಟಗಳನ್ನು ಸಂಗ್ರಹಿಸುತ್ತಿದ್ದರು. ತಮ್ಮ ಲೇಖನವು ಅಲ್ಲಿ ಓದಲ್ಪಡುವುದೆಂಬ ವಾರ್ತೆಯೂ ಅವರಿಗೆ ತಲಪಿರಲಿಲ್ಲ. ಡಾರ್ವಿನರ ಮನೆಯಲ್ಲಾದರೋ ದುಃಖವು ತುಂಬಿತ್ತು. ಇನ್ನೂ ಎರಡು ವರ್ಷ ತುಂಬದ ಅವರ ಕೊನೆಯ ಮಗನು ಮೂರು ದಿನಗಳ ಹಿಂದೆ, ಜೂನ್ ೨೮ರಂದು, ಜ್ವರದಿಂದ ತೀರಿಕೊಂಡಿದ್ದನು.

ಸಭೆಯಲ್ಲಿ ಗದ್ದಲವೇನೂ ಆಗಲಿಲ್ಲ. ಪ್ರಬಂಧಗಳನ್ನು ಓದಿ ಮುಗಿಸಿದ ಮೇಲೆ ಸಭಿಕರು ತಮ್ಮ ತಮ್ಮ ಮನೆಗಳಿಗೆ ಹೋದರು. ಮರುವರ್ಷ ಆ ಸಂಘದ ಅಧ್ಯಕ್ಷರಾದ ಥಾಮಸ್ ಬೆಲ್ಲರು ಹಿಂದಿನ ವರ್ಷದ ಕಾರ್ಯಗಳನ್ನು ವಿಮರ್ಶಿಸುವಾಗ, ಶಾಸ್ತ್ರವನ್ನು ಒಮ್ಮೆಗೇ ಮಾರ್ಪಡಿಸುವಂಥ ಮಹತ್ವದ ಸಂಶೋಧನೆಯೊಂದೂ ಆ ವರ್ಷ ಆಗಲಿಲ್ಲವೆಂಬ ಅಭಿಪ್ರಾಯವನ್ನು ಹೇಳಿದರು! ಅದೇ ೧೮೫೯ರ ನವೆಂಬರ್ ತಿಂಗಳಲ್ಲಿ ಡಾರ್ವಿನರ ಗ್ರಂಥವು ಪ್ರಕಟವಾದಾಗ ಲೋಕವೆಲ್ಲ ಎದ್ದು ಕುಳಿತು ವಾದಿಸಲಾರಂಭಿಸಿತು. ಬೆಲ್ಲರು ಬುದ್ಧಿಹೀನರಾಗಿರಲಿಲ್ಲ, ತಿಳಿದವರೇ ಆಗಿದ್ದರು. ಆದರೆ ಕಣ್ಣೆದುರಿಗೆ ಬಿತ್ತಿದ ಬೀಜವನ್ನು ನೋಡಿ ಮರವನ್ನು ಊಹಿಸುವುದು ತಿಳಿದವರಿಗೂ ಕಷ್ಟವೇ.

೩. ಬಿಡುಗಡೆಯ ಎರಡು ದಾರಿಗಳು

ಈಗ ೧೮೬೩ನೆಯ ಇಸವಿಗೆ ಬರೋಣ. ಆ ವರ್ಷದ ಜುಲೈ ೧ರಂದು ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಗೆಟ್ಟಿಸ್‌ಬರ್ಗ್ ಎಂಬ ಚಿಕ್ಕ ಊರಿನ ಬಳಿ ಉತ್ತರ ಮತ್ತು ದಕ್ಷಿಣ ಪಕ್ಷಗಳ ಸೈನ್ಯಗಳು ಎದುರುಬದುರಾದುವು. ಆ ಅಂತರ್ಯುದ್ಧದ ಮೂಲದಲ್ಲಿದ್ದ ಪ್ರಶ್ನೆ ಗುಲಾಮಗಿರಿ. ಮೂರು ದಿನಗಳ ಕಾಳಗದಲ್ಲಿ ಸತ್ತವರೂ ಗಾಯಗೊಂಡವರೂ ಕಾಣೆಯಾದವರೂ ಸೇರಿ ಎರಡು ಕಡೆಗಳಲ್ಲಿ ಸುಮಾರು ೫೦,೦೦೦ ಜನರು ನಷ್ಟವಾದರು.

ಅದೇ ವರ್ಷ, ಅದೇ ದಿನ, ದಕ್ಷಿಣ ಅಮೆರಿಕದ ಉತ್ತರ ತೀರದಲ್ಲಿರುವ ಸುರಿನಾಮ್ ಎಂಬ ಡಚ್ ವಸಾಹತಿನಲ್ಲಿ ಸುಮಾರು ೩೩,೦೦೦ ಗುಲಾಮರು ಕಾನೂನಿನ ಮೂಲಕ ಬಿಡುಗಡೆ ಹೊಂದಿದರು. ಒಂದು ಕಡೆ ಬಂದೂಕು, ಇನ್ನೊಂದು ಕಡೆ ಶಾಸನ! ಇದನ್ನು ಕೇಳಿದೊಡನೆ ಎರಡನೆಯದೇ ಮೇಲೆಂದು ನಮಗೆ ತೋರುವುದು ಸಹಜ. ಆದರೆ ಶಾಸನವನ್ನು ಪೂರ್ತಿಯಾಗಿ ಓದಬೇಕು. ಬಿಡುಗಡೆಯಾದ ಒಬ್ಬೊಬ್ಬ ಗುಲಾಮನಿಗೂ ೩೦೦ ಗಿಲ್ಡರುಗಳಂತೆ ಪರಿಹಾರ ಕೊಡಲ್ಪಟ್ಟಿತು. ಅದು ದೊರೆತುದು ಗುಲಾಮನಿಗಲ್ಲ, ಯಜಮಾನನಿಗೆ. ಕೆಲಸ ಮಾಡಬಲ್ಲ ವಯಸ್ಸಿನವರೆಲ್ಲರೂ ಇನ್ನೂ ಹತ್ತು ವರ್ಷಗಳವರೆಗೆ ಸರಕಾರದ ಮೇಲ್ವಿಚಾರಣೆಯಲ್ಲಿ ಕರಾರಿನ ಪ್ರಕಾರ ದುಡಿಯಬೇಕೆಂದು ಕಟ್ಟಳೆಯಾಗಿತ್ತು. ಪೂರ್ಣ ಸ್ವಾತಂತ್ರ್ಯವು ಬಂದುದು ೧೮೭೩ರಲ್ಲಿ. ಆಗ ತೋಟದ ಮಾಲಿಕರು ಕೂಲಿಯವರಿಗಾಗಿ ಭಾರತದ ಕಡೆಗೆ ಕಣ್ಣುಹಾಕಿದರು. ಕಲಕತ್ತೆಯಿಂದ ಹೊರಟ ‘ಲಾಲಾ ರೂಖ್’ ಎಂಬ ಹಡಗು ಕರಾರಿನ ಭಾರತೀಯ ಕೂಲಿಗಳನ್ನು ಹೊತ್ತು ೧೮೭೩ನೆಯ ಜೂನ್ ೫ರಂದು ಸುರಿನಾಮನ್ನು ತಲಪಿತು. ಒಬ್ಬರ ಸಂಕೋಲೆ ಕಳಚಿದ ಸ್ಥಳಕ್ಕೆ ಇನ್ನೊಬ್ಬರು ಕರಾರಿನ ಕಟ್ಟಿನಲ್ಲಿ ಬಂದರು. ‘ಬಿಡುಗಡೆ’ ಎಂಬ ಒಂದು ಶಬ್ದವನ್ನೂ ಒಂದು ತಾರೀಖನ್ನೂ ಬಾಯಿಪಾಠ ಮಾಡಿದ ಬಾಲಕಿಗೆ ಇದೊಂದೂ ತಿಳಿಯದು.

ಇದೇ ಪ್ರಸಂಗದಲ್ಲಿ ಒಬ್ಬ ಮಹಿಳೆಯನ್ನು ಸ್ಮರಿಸುವುದು ಯೋಗ್ಯ. ‘ಟಾಮ್ ಮಾವನ ಗುಡಿಸಲು’ ಎಂದು ನಮ್ಮವರು ಕರೆಯುವ ಕಾದಂಬರಿಯನ್ನು ಬರೆದು ಗುಲಾಮಗಿರಿಯ ಕ್ರೌರ್ಯವನ್ನು ಲೋಕದ ಕಣ್ಣಿಗೆ ತೋರಿಸಿದ ಹ್ಯಾರಿಯೆಟ್ ಬೀಚರ್ ಸ್ಟೋ ಎಂಬವರು ೧೮೯೬ನೆಯ ಜುಲೈ ೧ರಂದು ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಅವರ ಅಕ್ಕ ಕ್ಯಾಥರೀನರು ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಸ್ಥಾಪಿಸಿದ ಬಾಲಿಕಾ ವಿದ್ಯಾಲಯದಲ್ಲಿ ಅವರು ಮೊದಲು ಕಲಿತು, ಬಳಿಕ ಅಲ್ಲಿಯೇ ಕಲಿಸಿದವರು. ೧೮೫೨ರಲ್ಲಿ ಆ ಗ್ರಂಥವು ಹೊರಬಂದಾಗ ಮೊದಲನೆಯ ವರ್ಷದಲ್ಲಿಯೇ ಅಮೆರಿಕದಲ್ಲಿ ಸುಮಾರು ೩,೦೦,೦೦೦ ಪ್ರತಿಗಳು ಮಾರಿಹೋದುವು. ಮಕ್ಕಳನ್ನು ಸಾಕುತ್ತ, ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು ಬರೆದ ತಾಯಿಯೊಬ್ಬಳ ಲೇಖನಿಗೆ ಇಷ್ಟು ಶಕ್ತಿಯಿತ್ತೆಂಬುದನ್ನು ನಮ್ಮ ಬಾಲಕಿಯರು ತಿಳಿದಿರಬೇಕು.

೪. ಒಂದೇ ದಿನ ಹಬ್ಬವೂ ಶೋಕವೂ

೧೮೬೭ನೆಯ ಜುಲೈ ೧ರಂದು ಉತ್ತರ ಅಮೆರಿಕದ ಮೂರು ಬ್ರಿಟಿಷ್ ವಸಾಹತುಗಳು ಸೇರಿ, ನಾಲ್ಕು ಪ್ರಾಂತಗಳುಳ್ಳ ಕೆನಡ ದೇಶವು ಏರ್ಪಟ್ಟಿತು. ಅಂದಿನಿಂದ ಆ ದೇಶದವರಿಗೆ ಅದು ಹಬ್ಬದ ದಿನ. ಅದರ ಪೂರ್ವದಲ್ಲಿದ್ದ ನ್ಯೂಫೌಂಡ್‌ಲೆಂಡ್ ದ್ವೀಪವು ಆಗ ಈ ಒಕ್ಕೂಟಕ್ಕೆ ಸೇರದೆ ಪ್ರತ್ಯೇಕವಾಗಿಯೇ ಉಳಿಯಿತು.

ನಲವತ್ತೊಂಬತ್ತು ವರ್ಷಗಳ ಮೇಲೆ, ಮೊದಲನೆಯ ಮಹಾಯುದ್ಧದಲ್ಲಿ, ೧೯೧೬ನೆಯ ಜುಲೈ ೧ರ ಬೆಳಿಗ್ಗೆ ಏಳೂವರೆ ಘಂಟೆಗೆ ಫ್ರಾನ್ಸಿನ ಸೊಮ್ ನದಿಯ ಪ್ರದೇಶದಲ್ಲಿ ಬ್ರಿಟಿಷ್ ಸೈನ್ಯವು ಕಂದಕಗಳಿಂದೆದ್ದು ಮುನ್ನುಗ್ಗಿತು. ಸಾಯಂಕಾಲದೊಳಗೆ ಆ ಸೈನ್ಯದ ೫೭,೪೭೦ ಮಂದಿ ನಷ್ಟವಾಗಿದ್ದರು; ಅವರಲ್ಲಿ ೧೯,೨೪೦ ಮಂದಿ ಪ್ರಾಣಬಿಟ್ಟವರು. ಬೋಮಾನ್ ಹಾಮೆಲ್ ಎಂಬಲ್ಲಿ ನ್ಯೂಫೌಂಡ್‌ಲೆಂಡಿನ ದಳದಿಂದ ಸುಮಾರು ೮೦೦ ತರುಣರು ಮುಂದಕ್ಕೆ ಹೋದರು. ಮರುದಿನ ಹೆಸರುಗಳನ್ನು ಕರೆದಾಗ ಓಗೊಟ್ಟವರು ೬೮ ಮಂದಿ ಮಾತ್ರ. ಆ ದ್ವೀಪದ ತಾಯಂದಿರಿಗೆ ಅಂದಿನಿಂದ ಜುಲೈ ೧ ಸ್ಮರಣೆಯ ದಿನವಾಯಿತು.

೧೯೪೯ರಲ್ಲಿ ನ್ಯೂಫೌಂಡ್‌ಲೆಂಡು ಕೆನಡಕ್ಕೆ ಸೇರಿತು. ಆಗ ಒಂದೇ ತಾರೀಖಿಗೆ ಎರಡು ಮುಖಗಳಾದುವು. ದೇಶದ ಬೇರೆ ಕಡೆಗಳಲ್ಲಿ ಹೊತ್ತಾರೆಯಿಂದಲೇ ಸಂಭ್ರಮ. ಆ ದ್ವೀಪದಲ್ಲಾದರೋ ಬೆಳಿಗ್ಗೆ ಸತ್ತವರ ಸ್ಮರಣೆ, ಮಧ್ಯಾಹ್ನದ ಮೇಲೆ ಹಬ್ಬ. ನೆರೆಮನೆಯ ಹಬ್ಬದ ದಿನ ನಮ್ಮ ಮನೆಯ ತಿಥಿಯ ದಿನವಾಗಿರಬಹುದೆಂಬುದನ್ನು ಯಾವಾಗಲೂ ನೆನಪಿನಲ್ಲಿಡುವವರು ಸುಸಂಸ್ಕೃತರು.

೫. ದಿನದ ಗುಣವೋ, ಮನುಷ್ಯರ ಕೃತ್ಯವೋ?

ಇಷ್ಟು ಸಂಗತಿಗಳು ಒಂದೇ ತಾರೀಖಿಗೆ ಹೇಗೆ ಕೂಡಿದುವು? ಆ ದಿನಕ್ಕೇನಾದರೂ ವಿಶೇಷ ಗುಣವಿದೆಯೇ? ಹಾಗೆ ಭಾವಿಸುವ ಮೊದಲು ಕಾರಣಗಳನ್ನು ವಿಚಾರಿಸಬೇಕು. ಜುಲೈ ೧ ವರ್ಷದ ಉತ್ತರಾರ್ಧದ ಮೊದಲನೆಯ ದಿನ. ಹೊಸ ಕಟ್ಟಳೆಗಳನ್ನೂ ಹೊಸ ಸಂಸ್ಥೆಗಳನ್ನೂ ಆರಂಭಿಸುವುದಕ್ಕೆ ಲೆಕ್ಕಪತ್ರದ ದೃಷ್ಟಿಯಿಂದ ಅದು ಅನುಕೂಲವಾದುದು. ಭಾರತದ ಸ್ಟೇಟ್ ಬ್ಯಾಂಕು ೧೯೫೫ರಲ್ಲಿ ಪ್ರಾರಂಭವಾದುದೂ, ಸರಕು ಮತ್ತು ಸೇವೆಗಳ ತೆರಿಗೆಯು ೨೦೧೭ರಲ್ಲಿ ಜಾರಿಗೆ ಬಂದುದೂ ಜುಲೈ ೧ರಂದೇ. ಇವು ಮನುಷ್ಯರು ಆರಿಸಿದ ದಿನಗಳು.

ಬೇರೆ ಕೆಲವು ತಾವಾಗಿ ಬಂದು ಬಿದ್ದವು. ಸೊಮ್ ಕಾಳಗವು ಜೂನ್ ೨೯ರಂದೇ ನಡೆಯಬೇಕಾಗಿತ್ತು. ಮಳೆಯ ದೆಸೆಯಿಂದ ಎರಡು ದಿನ ಮುಂದೆ ಹೋಯಿತು. ಲಂಡನ್ನಿನ ಆ ಸಭೆಯೂ ಸಸ್ಯಶಾಸ್ತ್ರಜ್ಞರಾದ ರಾಬರ್ಟ್ ಬ್ರೌನರು ಜೂನ್ ತಿಂಗಳಲ್ಲಿ ಮರಣ ಹೊಂದಿದ ಕಾರಣ ಮುಂದೂಡಲ್ಪಟ್ಟು ಜುಲೈ ೧ರಂದು ಕೂಡಿತು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳಾಗಿದ್ದ ಪ್ರಖ್ಯಾತ ವೈದ್ಯರಾದ ಬಿಧಾನ್ ಚಂದ್ರ ರಾಯರು ೧೮೮೨ನೆಯ ಜುಲೈ ೧ರಂದು ಹುಟ್ಟಿ, ೧೯೬೨ನೆಯ ಜುಲೈ ೧ರಂದೇ ತೀರಿಕೊಂಡರು. ಹೀಗಿರಲಾಗಿ ಆ ದಿನವನ್ನು ಶುಭವೆನ್ನೋಣವೇ, ಅಶುಭವೆನ್ನೋಣವೇ? ದೇಶವು ಆ ಚರ್ಚೆಗೆ ಹೋಗದೆ, ಅವರ ಸೇವೆಯನ್ನು ನೆನೆದು ಅದನ್ನು ವೈದ್ಯರ ದಿನವನ್ನಾಗಿ ಆಚರಿಸುತ್ತದೆ.

ತಾರೀಖೆಂಬುದು ಪಂಚಾಂಗವನ್ನು ಅವಲಂಬಿಸಿದುದೆಂಬುದನ್ನೂ ಮರೆಯಬಾರದು. ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಟ್ಸರು ೧೬೪೬ನೆಯ ಜುಲೈ ೧ರಂದು ಹುಟ್ಟಿದರೆಂದು ಪುಸ್ತಕಗಳು ಹೇಳುತ್ತವೆ. ಆದರೆ ಅವರ ಊರಾದ ಲೈಪ್ಜಿಗಿನಲ್ಲಿ ಆಗ ಹಳೆಯ ಜೂಲಿಯನ್ ಪಂಚಾಂಗವು ಬಳಕೆಯಲ್ಲಿದ್ದುದರಿಂದ ಊರವರ ಲೆಕ್ಕಕ್ಕೆ ಆ ದಿನ ಜೂನ್ ೨೧. ತಿಥಿಯಿಂದ ಎಣಿಸುವ ನಮ್ಮ ಹಬ್ಬಗಳು ವರ್ಷ ವರ್ಷವೂ ಬೇರೆ ಬೇರೆ ತಾರೀಖುಗಳಿಗೆ ಬೀಳುವುದನ್ನು ಬಲ್ಲ ನಮ್ಮ ಮಕ್ಕಳಿಗೆ ಈ ಮಾತು ಸುಲಭವಾಗಿ ತಿಳಿಯುವುದು.

೬. ಮನೆಯಲ್ಲಿ ಮಾಡಬಹುದಾದುದು

ಪ್ರತಿಯೊಬ್ಬ ತಾಯಿಯೂ ತನ್ನ ಮಗಳಿಗೆ ಒಂದು ನೋಟುಪುಸ್ತಕವನ್ನು ಕೊಟ್ಟು, ಆಕೆಯ ಹುಟ್ಟಿದ ತಾರೀಖಿನಂದು ಲೋಕದಲ್ಲಿ ನಡೆದ ಸಂಗತಿಗಳನ್ನು ಹುಡುಕಿ ಬರೆಯುವಂತೆ ಹೇಳಲಿ. ಒಂದೊಂದು ಸಂಗತಿಯ ಕೆಳಗೂ ಮೂರು ಪ್ರಶ್ನೆಗಳಿಗೆ ಉತ್ತರವಿರಲಿ: ಆ ದಿನವನ್ನು ಯಾರಾದರೂ ಆರಿಸಿದರೋ, ಅದು ತಾನಾಗಿ ಬಂದಿತೋ? ಅದರ ಬೆಲೆಯು ಆ ದಿನದ ಜನರಿಗೆ ತಿಳಿದಿತ್ತೋ? ಅದನ್ನು ಇಂದು ಯಾರು ಸಂತೋಷದಿಂದಲೂ ಯಾರು ದುಃಖದಿಂದಲೂ ನೆನೆಯುತ್ತಾರೆ? ಈ ಮೂರು ಪ್ರಶ್ನೆಗಳನ್ನು ಕೇಳಲು ಕಲಿತ ಬಾಲಕಿಯು ತಾರೀಖನ್ನು ಮರೆತರೂ ಚರಿತ್ರೆಯನ್ನು ಮರೆಯಲಾರಳು. ಅಜ್ಜಿ ಹುಟ್ಟಿದ ದಿನ, ಮನೆಯ ಹೆಣ್ಣುಮಕ್ಕಳಲ್ಲಿ ಮೊದಲನೆಯವಳು ಶಾಲೆಗೆ ಸೇರಿದ ದಿನ ಇವೂ ಅದೇ ಪುಸ್ತಕದಲ್ಲಿ ಸೇರಲಿ.

ಸೊಮ್ ನದಿಯ ಬಳಿ ತೋಪುಗಳ ಶಬ್ದವನ್ನು ಹಲವು ಹರದಾರಿಗಳವರೆಗೆ ಜನರು ಕೇಳಿದರು. ಮಂಗಳೂರಿನ ಕಲ್ಲಚ್ಚಿನ ಶಬ್ದವು ಪಕ್ಕದ ಬೀದಿಗೂ ಕೇಳಿಸಿರಲಾರದು. ಆದರೂ ಈ ಪುಟವನ್ನು ನೀವು ಕನ್ನಡದಲ್ಲಿ ಅಚ್ಚಾದುದಾಗಿ ಓದುತ್ತಿರುವುದರಲ್ಲಿ ಆ ಸಣ್ಣ ಶಬ್ದಕ್ಕೂ ಪಾಲುಂಟು. ನಮ್ಮ ಅಡಿಗೆಮನೆಗಳಲ್ಲಿಯೂ ತರಗತಿಗಳಲ್ಲಿಯೂ ಯಾರ ಗಮನಕ್ಕೂ ಬಾರದೆ ದಿನವಿಡೀ ನಡೆಯುವ ಕೆಲಸವನ್ನು ಅಲ್ಪವೆಂದು ಯಾರೂ ಎಣಿಸದಿರಲಿ.