ಆತ್ಮಸ್ವೀಕಾರ ಮತ್ತು ಸ್ನೇಹ

ಮನುಷ್ಯನು ಸಂಘಜೀವಿ. ಆದರೆ ಜನರ ನಡುವೆ ವಾಸಿಸುವುದು ಬೇರೆ, ಜನರೊಡನೆ ಬಾಳುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ ಜಗತ್ತಿನ ಪ್ರತಿ 6 ಮಂದಿಯಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ.

ಹೈದರಾಬಾದಿನ ಪಶ್ಚಿಮ ಭಾಗದ ಮಣಿಕೊಂಡವನ್ನು ಗಮನಿಸಬಹುದು. ಹಿಂದೆ ಹಳ್ಳಿಯಾಗಿದ್ದ ಈ ಸ್ಥಳವು ಗಚ್ಚಿಬೌಲಿಯ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ಸಾಮೀಪ್ಯದಿಂದಾಗಿ ಬಹುಮಹಡಿ ಕಟ್ಟಡಗಳ ಬಡಾವಣೆಯಾಗಿ ಬೆಳೆದು, 2018ರಲ್ಲಿ ಪುರಸಭೆಯಾಯಿತು. ಉದ್ಯೋಗವನ್ನರಸಿ ಬಂದವರು ಇಲ್ಲಿ ಬಹಳ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ ಕನ್ನಡಿಗರಿಗೂ ಈ ನಗರ ಹೊಸದಲ್ಲ.

ಇಂತಹ ಬಡಾವಣೆಗೆ ಬಂದ ಯುವಕನೊಬ್ಬನು ಸಹೋದ್ಯೋಗಿಯ ಸಂಬಳ, ನೆರೆಯವನ ಕಾರುಗಳೊಡನೆ ತನ್ನನ್ನು ಹೋಲಿಸಿಕೊಳ್ಳತೊಡಗುತ್ತಾನೆ. ತನ್ನ ಊರಿನ ಮಾತಿನ ಧಾಟಿಗೂ, ತಡವರಿಸುವ ತೆಲುಗಿಗೂ ನಾಚುತ್ತಾನೆ. ಕೆಲಸದಲ್ಲಿ ತೊಡಕಾದರೂ ತಾಯಿಗೆ ದೂರವಾಣಿಯಲ್ಲಿ “ಎಲ್ಲ ಆರಾಮ” ಎನ್ನುತ್ತಾನೆ. ಇದರ ಪರಿಣಾಮವೇನು? ಇತರರ ಮೆಚ್ಚುಗೆ ಅವನು ತೊಟ್ಟ ಮುಖವಾಡಕ್ಕೆ ಸಲ್ಲುತ್ತದೆಯೇ ಹೊರತು ಅವನಿಗಲ್ಲ. ಆದ್ದರಿಂದಲೇ ಹೊಗಳಿಕೆಯ ನಡುವೆಯೂ ಅವನು ಒಂಟಿ.

ಆತ್ಮಸ್ವೀಕಾರವೆಂದರೆ ಕೊರತೆಗಳನ್ನು ತಿದ್ದಿಕೊಳ್ಳದಿರುವುದಲ್ಲ. ಅವುಗಳನ್ನು ಮರೆಮಾಚದೆ ನೋಡುವುದು. ತೆಲುಗು ಬಾರದೆಂದು ಒಪ್ಪಿಕೊಂಡವನು ಪಕ್ಕದ ಮನೆಯವರಿಂದ ಅದನ್ನು ಕಲಿಯಬಲ್ಲನು. ಕಲಿಯುತ್ತ ಅವರ ಸ್ನೇಹವನ್ನೂ ಗಳಿಸಬಲ್ಲನು. ಹೀಗೆ ಬಚ್ಚಿಟ್ಟ ಕೊರತೆಯೇ ಬಾಂಧವ್ಯದ ಬಾಗಿಲಾಗುತ್ತದೆ.

ಇದಕ್ಕೆ ದೊಡ್ಡ ಸಿದ್ಧತೆ ಬೇಕಿಲ್ಲ. ನೆರೆಯವರ ಹೆಸರು ತಿಳಿಯುವುದು, ವಾರಕ್ಕೊಮ್ಮೆ ಯಾರೊಡನಾದರೂ ಕುಳಿತು ಊಟ ಮಾಡುವುದು, ನಂಬಿಕೆಯ ಒಬ್ಬರಲ್ಲಿ ಇದ್ದುದನ್ನು ಇದ್ದಂತೆ ಹೇಳುವುದು, ಅವರ ಕಷ್ಟವನ್ನು ಆತುರದ ಉಪದೇಶವಿಲ್ಲದೆ ಆಲಿಸುವುದು — ಇಷ್ಟರಿಂದ ಆರಂಭಿಸಬಹುದು. ಕನ್ನಡದ ಒಡನಾಟ ಬಯಸುವವರಿಗೆ ನಗರದ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ.

ದುಃಖವು ವಾರಗಟ್ಟಲೆ ಕಳೆಯದೆ ನಿದ್ರೆ, ಊಟ, ಕೆಲಸಗಳು ಕೆಟ್ಟಲ್ಲಿ, ಅಥವಾ ಬದುಕೇ ಬೇಡವೆನಿಸಿದಲ್ಲಿ, ತಡಮಾಡದೆ ನೆರವು ಪಡೆಯತಕ್ಕದ್ದು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಕನ್ನಡದಲ್ಲಿಯೂ ಮಾತನಾಡಬಹುದು. ನೆರವು ಕೇಳುವುದು ಸೋಲಲ್ಲ. ಅದು ಕೂಡ ತನ್ನನ್ನು ತಾನು ಒಪ್ಪಿಕೊಳ್ಳುವ ಒಂದು ಬಗೆಯೇ ಆಗಿದೆ.