ಜಡೆ ತೆಳುವಾದ ಚಿಂತೆ, ಮೇ ತಿಂಗಳ ಮದುವೆ

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಮಂಗಳೂರಿನ ಫಳ್ನೀರಿನಲ್ಲಿ ಅಪ್ಪ, ಅಮ್ಮ, ದೊಡ್ಡಮ್ಮನ ಜೊತೆ ಇದ್ದೇನೆ. ಜುಲೈ ಎರಡನೇ ವಾರ ಡೆಂಗಿ ಬಂದು ಆಸ್ಪತ್ರೆಯಲ್ಲಿ ಮಲಗಿದ್ದೆ. ಪ್ಲೇಟ್‌ಲೆಟ್ ಇಳಿದಿತ್ತು, ಆದರೆ ಹಾಕಿಸುವಷ್ಟು ಆಗಲಿಲ್ಲ. ಆಗಸ್ಟಿನಲ್ಲಿ ಕೆಲಸಕ್ಕೆ ಹೋದೆ, ಮೈ ಸುಧಾರಿಸಿತು. ಸೆಪ್ಟೆಂಬರ್ ಕೊನೆಗೆ ಇದ್ದಕ್ಕಿದ್ದಂತೆ ಕೂದಲು ಉದುರಲು ಸುರುವಾಯಿತು. ತಲೆಗೆ ಮಿಂದ ದಿನ ಬಚ್ಚಲಿನಲ್ಲಿ ಮುಷ್ಟಿ ತುಂಬ ಸಿಗುತ್ತದೆ. ಬೇರು ಸಮೇತ ಬರುತ್ತಿದೆ, ತುದಿಯಲ್ಲಿ ಬಿಳಿ ಚುಕ್ಕೆ ಕಾಣುತ್ತದೆ. ಹೆದರಿ ಈಗ ವಾರಕ್ಕೊಮ್ಮೆ ಮಾತ್ರ ಮೀಯುತ್ತೇನೆ. ಉದುರಿದ್ದನ್ನು ದಿನಾ ಎಣಿಸಿ ಬರೆದಿಡುತ್ತೇನೆ. ಸೊಂಟದವರೆಗಿನ ಜಡೆ ಇಲಿಬಾಲದ ಹಾಗಾಗಿದೆ. ಮೇಯಲ್ಲಿ ಮದುವೆ. ದೊಡ್ಡಮ್ಮ ಕಾರ್ಪೊರೇಶನ್ ನೀರಿನ ಕ್ಲೋರಿನ್ ಕಾರಣ ಎನ್ನುತ್ತಾರೆ, ಒಮ್ಮೆ ಬೋಳಿಸಿದರೆ ದಪ್ಪ ಬರುತ್ತದೆ ಎಂದೂ ಹೇಳುತ್ತಾರೆ. ಒಂದು ಕ್ಲಿನಿಕ್‌ನವರು ತಲೆಗೆ ಇಂಜೆಕ್ಷನ್ ಕೊಡುವ ಪ್ಯಾಕೇಜ್ ಹೇಳಿದ್ದಾರೆ. ಇದು ಎಷ್ಟು ದಿನ? ಹೋದದ್ದು ವಾಪಸು ಬರುತ್ತದಾ? ಹುಡುಗನಿಗೆ ಹೇಳಬೇಕಾ?

— ಹೆಸರು ಬೇಡ, ಫಳ್ನೀರ್

ಉತ್ತರ: ನೀವು ಬೋಳಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಕಾಗದದ ಪ್ರತಿ ಸಾಲಿನ ಹಿಂದೆಯೂ ಆ ಭಯವೇ ಇದೆ.

ನೀವು ಬರೆದ ಎರಡು ತಾರೀಕುಗಳಲ್ಲೇ ಕಾರಣ ಬಹುಮಟ್ಟಿಗೆ ಸಿಗುತ್ತದೆ. ಜುಲೈ ಎರಡನೇ ವಾರ ಜ್ವರ, ಸೆಪ್ಟೆಂಬರ್ ಕೊನೆಗೆ ಕೂದಲು. ನಡುವೆ ಹತ್ತು ಹನ್ನೊಂದು ವಾರ. ಕೂದಲು ಉದುರುತ್ತದೆ ಎಂದು ಬಂದವರನ್ನು ತಿಳಿದ ವೈದ್ಯರು ಶಾಂಪೂ ಯಾವುದು ಎಂದು ಕೇಳುವ ಮೊದಲು, ಎರಡು ಮೂರು ತಿಂಗಳ ಹಿಂದೆ ಏನಾಗಿತ್ತು ಎಂದು ಕೇಳುತ್ತಾರೆ. ಜೋರು ಜ್ವರ, ಹೆರಿಗೆ, ಆಪರೇಶನ್, ಊಟ ಬಿಟ್ಟು ತೂಕ ಇಳಿಸಿದ್ದು, ಮನೆಯಲ್ಲೊಂದು ಸಾವು, ಹೆಚ್ಚಿನವರಲ್ಲಿ ಇಂಥದ್ದೇನೋ ಸಿಗುತ್ತದೆ. ವೈದ್ಯರು ಇದನ್ನು ಟೆಲೋಜೆನ್ ಎಫ್ಲೂವಿಯಂ ಎನ್ನುತ್ತಾರೆ. ಅಮೆರಿಕದ ಚರ್ಮರೋಗ ತಜ್ಞ ಆಲ್ಬರ್ಟ್ ಕ್ಲಿಗ್‌ಮನ್ 1961ರಲ್ಲಿ ಇದನ್ನು ಬಿಡಿಸಿ ವಿವರಿಸಿದ್ದರು. ಕೋವಿಡ್ ಅಲೆಗಳು ಇಳಿದ ಮೇಲೆ ನಮ್ಮೂರಿನಲ್ಲೂ ಎಷ್ಟೋ ಮನೆಗಳಲ್ಲಿ ಇದೇ ದೂರು ಕೇಳಿಬಂತು. ಡೆಂಗಿ, ಮಲೇರಿಯಾ, ಟೈಫಾಯ್ಡ್ ಯಾವುದಾದರೂ ಸರಿ, ಮೈ ಸುಡುವ ಜ್ವರ ಬಂದು ಹೋದ ಮೇಲೆ ಹೀಗಾಗಬಹುದು.

ಒಳಗೆ ನಡೆಯುವುದು ಹೀಗೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು ಇರುತ್ತವೆ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಆಮೇಲೆ ಸುಮಾರು ಮೂರು ತಿಂಗಳು ಸುಮ್ಮನೆ ಕೂತು, ಕೊನೆಗೆ ಉದುರುತ್ತದೆ. ಆರೋಗ್ಯವಾಗಿದ್ದಾಗ ಹತ್ತರಲ್ಲಿ ಒಂದು ಪಾಲು ಮಾತ್ರ ಹೀಗೆ ಕೂತಿರುತ್ತದೆ. ಹತ್ತು ಸಾವಿರ ಕೂದಲು ಮೂರು ತಿಂಗಳಲ್ಲಿ ಉದುರಿದರೆ ದಿನಕ್ಕೆ ನೂರು. ಅದನ್ನು ಯಾರೂ ಗಮನಿಸುವುದಿಲ್ಲ. ಜ್ವರದ ಹೊಡೆತಕ್ಕೆ ದೇಹ ತನ್ನ ಶಕ್ತಿಯನ್ನು ಜೀವ ಉಳಿಸುವ ಕೆಲಸಕ್ಕೆ ತಿರುಗಿಸಿಕೊಳ್ಳುತ್ತದೆ, ಕೂದಲು ಬೆಳೆಸುವುದನ್ನು ಅಲ್ಲಲ್ಲಿ ನಿಲ್ಲಿಸುತ್ತದೆ. ಆಗ ಹತ್ತರಲ್ಲಿ ಮೂರು ಪಾಲು ಒಟ್ಟಿಗೇ ಕೂತುಬಿಡಬಹುದು. ಮೂರು ತಿಂಗಳಾದ ಮೇಲೆ ಅವೆಲ್ಲ ಒಟ್ಟಿಗೇ ಬೀಳತೊಡಗುತ್ತವೆ, ದಿನಕ್ಕೆ ಇನ್ನೂರು, ಮುನ್ನೂರು. ಅಂದರೆ ಇವತ್ತು ನಿಮ್ಮ ಬಾಚಣಿಗೆಗೆ ಬರುತ್ತಿರುವುದು ಜುಲೈಯಲ್ಲೇ ಬೆಳೆಯುವುದನ್ನು ನಿಲ್ಲಿಸಿದ ಕೂದಲು. ಈ ವಾರ ಹಚ್ಚಿದ ಎಣ್ಣೆಯಾಗಲಿ ನಲ್ಲಿಯ ನೀರಾಗಲಿ ಅದನ್ನು ಉದುರಿಸಿದ್ದೂ ಅಲ್ಲ, ತಡೆಯುವುದೂ ಇಲ್ಲ.

ತುದಿಯ ಬಿಳಿ ಚುಕ್ಕೆ ಬೇರಲ್ಲ. ಕೂತ ಕೂದಲಿನ ಬುಡ ಗಟ್ಟಿಯಾಗಿ ಹಾಗೆ ಕಾಣುತ್ತದೆ, ಅಷ್ಟೇ. ಕೂದಲು ಹುಟ್ಟುವ ಕುಳಿ ನಿಮ್ಮ ನೆತ್ತಿಯ ಚರ್ಮದೊಳಗೆ ಹಾಗೆಯೇ ಇದೆ, ಮತ್ತು ಅಲ್ಲಿಂದ ಹೊಸ ಕೂದಲು ಮೇಲೆ ಬರುವ ಹೊತ್ತಿಗೇ ಹಳೆಯದು ಸಡಿಲಾಗಿ ಬೀಳುವುದು. ಬಿಳಿ ಚುಕ್ಕೆ ಇರುವ ಕೂದಲು ಬಂದರೆ ಕಾಯಿಲೆ ನಾವಂದುಕೊಂಡದ್ದೇ ಎಂದು ವೈದ್ಯರಿಗೂ ಸಮಾಧಾನವಾಗುತ್ತದೆ.

ಇನ್ನು ಎಷ್ಟು ದಿನ ಎಂಬ ಪ್ರಶ್ನೆ. ಉದುರುವುದು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಇರುತ್ತದೆ. ನಿಮ್ಮ ಲೆಕ್ಕದಲ್ಲಿ ಜೋರು ಇರುವುದು ಅಕ್ಟೋಬರ್, ನವೆಂಬರ್. ಕ್ರಿಸ್‌ಮಸ್ ಹೊತ್ತಿಗೆ ಇಳಿಮುಖ ಕಾಣಬಹುದು, ತಡವಾದರೆ ಮಾರ್ಚ್. ಒಂದೇ ದಿನ ನಿಲ್ಲುವುದಿಲ್ಲ. ಕಡಿಮೆಯಾಗಿ, ಒಂದು ವಾರ ಮತ್ತೆ ಹೆಚ್ಚಾಗಿ, ಆಮೇಲೆ ಇಳಿಯುತ್ತದೆ. ಆ ಒಂದು ವಾರವನ್ನು ನೋಡಿ ಎಲ್ಲ ಮತ್ತೆ ಸುರುವಾಯಿತು ಎಂದುಕೊಳ್ಳಬೇಡಿ. ಹೊಸ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಣೆಯ ಮೇಲೆ, ಬೈತಲೆಯ ಎರಡೂ ಪಕ್ಕ ಬಾಚಿದರೂ ಕೂರದ ಮೋಟು ಕೂದಲು ಎದ್ದು ನಿಂತಿದ್ದರೆ ಅದೇ ಚೇತರಿಕೆ. ಮೇ ಹೊತ್ತಿಗೆ ಅವು ಆರೇಳು ಸೆಂಟಿಮೀಟರ್ ಆಗಿರುತ್ತವೆ. ನೆತ್ತಿ ತುಂಬಿದಂತೆ ಕಾಣಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು, ಯಾಕೆಂದರೆ ಎಲ್ಲ ಸರಿಯಾಗುತ್ತದೆ ಎಂದಷ್ಟೇ ಹೇಳಿ ಕಳಿಸಿದರೆ ಮುಂದಿನ ವರ್ಷ ನೀವು ಮತ್ತೆ ಕಣ್ಣೀರು ಹಾಕುತ್ತೀರಿ. ತಲೆಯಲ್ಲಿರುವ ಕೂದಲಿನ ಸಂಖ್ಯೆ ವರ್ಷದೊಳಗೆ ಮೊದಲಿನಂತಾಗುತ್ತದೆ. ಸೊಂಟದ ಬಳಿ ಜಡೆಯ ದಪ್ಪ ಅಷ್ಟು ಬೇಗ ಬರುವುದಿಲ್ಲ. ಉದುರಿದ ಕೂದಲು ಅರುವತ್ತು ಸೆಂಟಿಮೀಟರ್ ಇದ್ದರೆ, ಅದರ ಜಾಗದಲ್ಲಿ ಹುಟ್ಟಿದ್ದು ಅಲ್ಲಿಗೆ ಮುಟ್ಟಲು ಐದು ವರ್ಷ ಬೇಕು. ಹಾಗಾಗಿ ಮೇಲೆ ತುಂಬಿದ ತಲೆ, ಕೆಳಗೆ ತೆಳುವಾದ ಜಡೆ, ಹೀಗೆ ಕೆಲವು ಕಾಲ ಇರುತ್ತದೆ. ಅದು ಗುಣವಾಗದ ಲಕ್ಷಣವಲ್ಲ. ಮನಸ್ಸು ಒಪ್ಪಿದರೆ ಬೆನ್ನಿನ ಅರ್ಧದವರೆಗೆ ಕತ್ತರಿಸಿ, ತುದಿಯೂ ಬುಡವೂ ಒಂದೇ ದಪ್ಪ ಕಾಣುತ್ತದೆ. ಒಪ್ಪದಿದ್ದರೆ ಹಾಗೇ ಬಿಡಿ, ಅದರಿಂದ ನಷ್ಟವೇನೂ ಇಲ್ಲ.

ತಲೆಗೆ ಮೀಯುವುದನ್ನು ಕಡಿಮೆ ಮಾಡಿದ್ದೀರಲ್ಲ, ಅದನ್ನು ದಯವಿಟ್ಟು ಬಿಡಿ. ಸಡಿಲಾದ ಕೂದಲು ದಿನಾ ಸ್ವಲ್ಪ ಸ್ವಲ್ಪ ಹೋಗುವ ಬದಲು ತಲೆಯಲ್ಲೇ ಸಿಕ್ಕಿಕೊಂಡು, ಮಿಂದ ದಿನ ವಾರದ್ದೆಲ್ಲ ಒಟ್ಟಿಗೇ ಕೈಗೆ ಬರುತ್ತದೆ. ನೀವು ನೋಡಿ ನಡುಗುವ ಆ ಮುಷ್ಟಿ ಕೂದಲಿನಲ್ಲಿ ಅರ್ಧಕ್ಕರ್ಧ ಈ ಲೆಕ್ಕದ್ದೇ. ನಮ್ಮ ಕರಾವಳಿಯ ಬೆವರಿಗೆ ವಾರಕ್ಕೆ ಎರಡು ಮೂರು ಸಲ ಮೀಯಲೇಬೇಕು, ಇಲ್ಲದಿದ್ದರೆ ಹೊಟ್ಟು ಸೇರಿ ಇನ್ನೊಂದು ಉಪದ್ರ. ತೆಂಗಿನೆಣ್ಣೆ ಹಚ್ಚಿ, ಕೂದಲು ನಡುವೆ ತುಂಡಾಗುವುದು ಕಡಿಮೆಯಾಗುತ್ತದೆ. ದಾಸವಾಳ ಸೊಪ್ಪಿನ ಗೊಂಪು ಹಾಕಿ ಮೀಯುವ ಅಭ್ಯಾಸ ಇದ್ದರೆ ಅದೂ ಒಳ್ಳೆಯದೇ, ತಲೆ ತಂಪಾಗಿ ಸಿಕ್ಕು ಬಿಡುತ್ತದೆ. ಆದರೆ ಇವು ಜ್ವರದಿಂದ ಕೂತ ಕೂದಲನ್ನು ಎಬ್ಬಿಸುತ್ತವೆ ಎಂದು ನಂಬಿಕೊಂಡು, ಆಗದಿದ್ದಾಗ ನಿರಾಶರಾಗಬೇಡಿ. ಎಣಿಸುವ ಪುಸ್ತಕವನ್ನು ಇವತ್ತೇ ಮುಚ್ಚಿಡಿ. ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ಬೈತಲೆಯ ಒಂದು ಫೋಟೋ ತೆಗೆಯಿರಿ, ವೈದ್ಯರಿಗೂ ಅದೇ ಉಪಯೋಗಕ್ಕೆ ಬರುವುದು.

ಊಟದ ವಿಷಯದಲ್ಲಿ ನನಗೆ ನಿಜವಾದ ಆತಂಕ ಇದೆ. ಡೆಂಗಿ ಬಂದವರು ವಾರಗಟ್ಟಲೆ ಗಂಜಿ, ಉಪ್ಪಿನಕಾಯಿಯಲ್ಲೇ ದಿನ ದೂಡುತ್ತಾರೆ. ಕೂದಲು ಕಟ್ಟುವುದು ಪ್ರೋಟೀನಿನಿಂದ. ಬಂಗುಡೆ, ಬೂತಾಯಿ, ಮೊಟ್ಟೆ ತಿನ್ನುವವರಾದರೆ ದಿನಾ ಒಂದು ಇರಲಿ. ಇಲ್ಲದಿದ್ದರೆ ಹುರುಳಿ, ಹೆಸರು, ಕಡಲೆ, ಮೊಸರು. ಇನ್ನೊಂದು, ಮದುವೆಗೆ ಮುಂಚೆ ಸಣ್ಣಗಾಗಬೇಕೆಂದು ಊಟ ಬಿಡಬೇಡಿ. ಜನವರಿ, ಫೆಬ್ರವರಿಯಲ್ಲಿ ಉಪವಾಸ ಮಾಡಿ ತೂಕ ಇಳಿಸಿದರೆ, ಅದರ ಪರಿಣಾಮಕ್ಕೆ ಕೂದಲು ಉದುರುವುದು ಸರಿಯಾಗಿ ಮದುವೆಯ ಹೊತ್ತಿಗೇ.

ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡಿನ ಟಿಎಸ್‌ಎಚ್. ಡೆಂಗಿಯ ಸಮಯದಲ್ಲಿ ಮುಟ್ಟಿನ ಸ್ರಾವ ಜಾಸ್ತಿ ಹೋಗಿದ್ದರೆ ಕಬ್ಬಿಣದಂಶ ಬರಿದಾಗಿರಬಹುದು. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ಕೆಳಗಿರುವುದುಂಟು. 30ಕ್ಕಿಂತ ಕಡಿಮೆ ಇದ್ದರೆ ಅನೇಕ ವೈದ್ಯರು ಕಬ್ಬಿಣದ ಮಾತ್ರೆ ಕೊಡುತ್ತಾರೆ. ಜ್ವರ ಇರುವಾಗ ಫೆರಿಟಿನ್ ಸುಳ್ಳೇ ಏರಿ ಕಾಣುತ್ತದೆ, ಆದ್ದರಿಂದ ಜುಲೈಯ ಹಳೆಯ ರಿಪೋರ್ಟ್ ಲೆಕ್ಕಕ್ಕಿಲ್ಲ. ಮಾತ್ರೆಯನ್ನು ಚಹಾ, ಕಾಫಿ, ಹಾಲಿನ ಜೊತೆ ನುಂಗಬೇಡಿ, ಲಿಂಬೆ ಶರಬತ್ತು ಆಗಬಹುದು. ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಮೊದಲೇ ವೈದ್ಯರಿಗೆ ಹೇಳಿ. ಅದು ಥೈರಾಯ್ಡ್ ಪರೀಕ್ಷೆಯ ಅಂಕಿಯನ್ನೇ ತಪ್ಪಾಗಿ ತೋರಿಸಬಹುದು, ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಹೆಚ್ಚು ಬರುವುದೂ ಇಲ್ಲ.

ಇಂಜೆಕ್ಷನ್ ಪ್ಯಾಕೇಜ್ ಸದ್ಯಕ್ಕೆ ಬೇಡ. ತಾನಾಗಿ ನಿಲ್ಲುವ ಉದುರುವಿಕೆಗೆ ಆರು ತಿಂಗಳು ಏನೇ ಮಾಡಿದರೂ ಕೊನೆಗೆ ಕೂದಲು ಬರುತ್ತದೆ, ಕೀರ್ತಿ ಮಾತ್ರ ಪ್ಯಾಕೇಜಿಗೆ ಹೋಗುತ್ತದೆ. ಮದುವೆ ಖರ್ಚಿನ ನಡುವೆ ಭಯಕ್ಕೆ ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಕೂದಲು ಬೆಳೆಸುವ ಔಷಧ ಮಿನಾಕ್ಸಿಡಿಲ್ ಕೂಡ ವೈದ್ಯರು ನೋಡಿ ಬರೆದುಕೊಟ್ಟರೆ ಮಾತ್ರ. ಅದು ಸುರುವಿಗೆ ಕೆಲವು ವಾರ ಇನ್ನಷ್ಟು ಉದುರಿಸಬಹುದು. ದೊಡ್ಡಮ್ಮನಿಗೆ ಗೌರವದಿಂದಲೇ ಹೇಳಿ, ಬೋಳಿಸಿದರೆ ಚರ್ಮದೊಳಗಿನ ಕುಳಿಗೆ ಅದು ಗೊತ್ತೂ ಆಗುವುದಿಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಮುಟ್ಟಲು ಒರಟಾಗಿ, ದಪ್ಪ ಅನಿಸುತ್ತದೆ. ನೀರಿನ ಮಾತೂ ಅಷ್ಟೇ: ಮನೆಯಲ್ಲಿ ನಾಲ್ವರೂ ಅದೇ ನೀರಿನಲ್ಲಿ ಮೀಯುತ್ತೀರಿ, ಉದುರಿದ್ದು ಜ್ವರ ಬಂದವಳ ಕೂದಲು ಮಾತ್ರ.

ಹಾಗೆಂದು ಎಲ್ಲವನ್ನೂ ಕಾಯುವುದಕ್ಕೆ ಬಿಡಬಾರದು. ಮಾರ್ಚ್ ಕಳೆದರೂ ಇದೇ ಜೋರು ಇದ್ದರೆ, ರೂಪಾಯಿ ನಾಣ್ಯದಷ್ಟು ಜಾಗ ನುಣ್ಣಗೆ ಖಾಲಿಯಾದರೆ, ನೆತ್ತಿ ಕೆಂಪಾಗಿ ಉರಿ, ನೋವು, ಪೊರೆ ಎದ್ದರೆ, ಹುಬ್ಬೂ ಉದುರಿದರೆ, ಬೈತಲೆ ಮಾತ್ರ ಅಗಲವಾಗುತ್ತ ಹೋದರೆ, ಮುಟ್ಟು ತಪ್ಪಿ ಗಲ್ಲದ ಮೇಲೆ ಕೂದಲು ಬಂದರೆ ಚರ್ಮರೋಗ ತಜ್ಞರಿಗೆ ತೋರಿಸಲೇಬೇಕು. ಕೆಲವರಲ್ಲಿ ವಂಶದಿಂದ ಬಂದ ತೆಳುವಾಗುವಿಕೆ ಒಳಗೊಳಗೆ ಇದ್ದು, ಜ್ವರದ ನಂತರ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಔಷಧ ಬೇರೆ, ಬೇಗ ಸುರು ಮಾಡಿದಷ್ಟೂ ಒಳ್ಳೆಯದು. ಫಳ್ನೀರಿನಲ್ಲಿ ಇರುವವರಿಗೆ ದೂರ ಹೋಗಬೇಕಾಗಿಲ್ಲ. ಕಂಕನಾಡಿಯ ಫಾದರ್ ಮುಲ್ಲರ್ ಇದೆ, ಅತ್ತಾವರದಲ್ಲಿ ಕೆಎಂಸಿ ಇದೆ, ಖರ್ಚು ಕಡಿಮೆಯಲ್ಲಿ ಆಗಬೇಕಾದರೆ ಹಂಪನಕಟ್ಟೆಯ ವೆನ್ಲಾಕ್ ಸರ್ಕಾರಿ ಆಸ್ಪತ್ರೆ. ಹೋಗುವ ಮೊದಲು ಒಂದು ದಿನ ತಲೆ ತೊಳೆಯದೆ ಹೋಗಿ. ಅವರು ಐವತ್ತರವತ್ತು ಕೂದಲನ್ನು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡುತ್ತಾರೆ, ಎಷ್ಟು ಬಂತು ಎಂಬುದರಿಂದ ಅರ್ಧ ರೋಗ ತಿಳಿಯುತ್ತದೆ.

ಹುಡುಗನಿಗೆ ಹೇಳಿ. ಗುಟ್ಟಾಗಿಟ್ಟರೆ ಇದು ನಿಮ್ಮ ದೋಷದ ಹಾಗೆ ನಿಮಗೇ ಅನಿಸತೊಡಗುತ್ತದೆ. ಡೆಂಗಿ ಬಂದದ್ದು ಅವರಿಗೆ ಗೊತ್ತಿದೆಯಲ್ಲ, ಅದರ ಮುಂದಿನ ಸಂಗತಿ ಇದು ಎಂದು ಮಾಮೂಲು ಮಾತಿನಲ್ಲಿ ಹೇಳಿದರೆ ಸಾಕು. ಕೇಳಿ ಮುಖ ಸಿಂಡರಿಸುವವರಾದರೆ ಅದು ಮೇಗಿಂತ ಮೊದಲೇ ಗೊತ್ತಾಗುವುದು ಒಳಿತು. ಮದುವೆಯ ದಿನಕ್ಕೆ ಚವರಿ ಸೇರಿಸಿ ಜಡೆ ಹಾಕಿಸಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಅಟ್ಟೆಗಟ್ಟಲೆ ಮಲ್ಲಿಗೆಯ ಭಾರವೆಲ್ಲ ಮುಂದಲೆಯ ಎಳೆಗೂದಲಿನ ಮೇಲೆ ಬೀಳದಂತೆ ಪಿನ್ನುಗಳನ್ನು ಹಿಂದಿನ ಗಂಟಿಗೆ ಹಾಕಲು ಬ್ಯೂಟಿಷಿಯನ್‌ಗೆ ಮೊದಲೇ ಹೇಳಿಡಿ. ಸ್ಮೂತನಿಂಗ್, ಬಣ್ಣ, ಅಂಟಿಸುವ ಕೂದಲು ಈ ವರ್ಷ ಬೇಡ.

ಕೊನೆಗೆ, ಮನೆಯ ಸುತ್ತಲಿನ ನೀರು. 2019ರ ಮಳೆಗಾಲದಲ್ಲಿ ಗುಜ್ಜರಕೆರೆ ಸುತ್ತ ಡೆಂಗಿ ಹೇಗೆ ಹರಡಿತು ಎಂದು ಊರು ನೋಡಿದೆ. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಇದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ ಇವೆ. ಒಂದು ಬಂದು ಹೋದರೆ ಉಳಿದ ಮೂರರಿಂದ ಬಹುಕಾಲದ ರಕ್ಷಣೆ ಇಲ್ಲ, ಎರಡನೇ ಸಲ ಬಂದದ್ದು ಹೆಚ್ಚು ಅಪಾಯಕಾರಿ ಆಗಬಹುದು. ಏಪ್ರಿಲ್, ಮೇಯ ಅಡ್ಡಮಳೆಗೆ ಚಪ್ಪರದ ಟಾರ್ಪಾಲಿನ ಮಡಿಕೆಯಲ್ಲಿ, ಟೆರೇಸಿನ ಹಳೆ ಡ್ರಮ್ಮಿನಲ್ಲಿ, ಪಕ್ಕದ ಕಟ್ಟಡ ಕೆಲಸದ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ವಾರಕ್ಕೊಮ್ಮೆ ಅದನ್ನು ಚೆಲ್ಲಿಸುವ ಕೆಲಸವನ್ನು ಅಪ್ಪನಿಗೆ ಒಪ್ಪಿಸಿ, ಹಗಲಿನಲ್ಲೂ ಸೊಳ್ಳೆ ಕಚ್ಚದ ಹಾಗೆ ಪೂರ್ತಿ ತೋಳಿನ ಬಟ್ಟೆ ಹಾಕಿ.