ಶಸ್ತ್ರವೈದ್ಯ ಹಾಗೂ ದಂತವೈದ್ಯ ಉಪಕರಣಗಳ ಸಂರಕ್ಷಣೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿಯ ಕೆಲವು ಭಾಗಗಳು ಸುಣ್ಣಕಲ್ಲಿನ ನೆಲ. ಮನೆಗಳಿಗೆ ಹಾಸುಗಲ್ಲನ್ನೂ ಸಿಮೆಂಟ್ ಕಾರ್ಖಾನೆಗಳಿಗೆ ಕಚ್ಚಾವಸ್ತುವನ್ನೂ ಒದಗಿಸುವ ಈ ಶಿಲೆಯ ಅಂಶವು ನೆಲದೊಳಗಿನ ನೀರಿನಲ್ಲಿಯೂ ಕರಗಿರುತ್ತದೆ. ಇಂಥ ಗಡಸು ನೀರನ್ನು ಕಾಯಿಸಿದಾಗ ಪಾತ್ರೆಯ ತಳದಲ್ಲಿ ಬಿಳಿಯ ಪದರು ಕಟ್ಟುವುದನ್ನು ಗೃಹಿಣಿಯರೆಲ್ಲ ಬಲ್ಲರು. ಅದೇ ಪದರು ಆಸ್ಪತ್ರೆಯ ಕತ್ತರಿ, ಇಕ್ಕಳಗಳ ಕೀಲುಗಳಲ್ಲಿ ಕಟ್ಟಿದರೆ ರೋಗಾಣುಗಳಿಗೆ ಆಶ್ರಯವಾಗಿ, ರೋಗಿಯ ಪ್ರಾಣಕ್ಕೇ ಸಂಚಕಾರ ತರಬಲ್ಲದು.

ಉಪಕರಣರಕ್ಷಣೆಯ ವಿಚಾರವು ನಮ್ಮ ದೇಶಕ್ಕೆ ಹೊಸತಲ್ಲ. ಸುಶ್ರುತಸಂಹಿತೆಯು 101 ಯಂತ್ರಗಳನ್ನೂ 20 ಶಸ್ತ್ರಗಳನ್ನೂ ಹೇಳಿದೆ. ಶಸ್ತ್ರವನ್ನು ಉದ್ದಿನ ಬಣ್ಣದ ನುಣುಪುಗಲ್ಲಿನಲ್ಲಿ ಮಸೆಯಬೇಕು, ಅಲಗಿನ ರಕ್ಷಣೆಗೆ ಬೂರುಗದ ಹಲಗೆಯನ್ನು ಬಳಸಬೇಕು, ರೋಮವನ್ನು ಕತ್ತರಿಸಬಲ್ಲ ಶಸ್ತ್ರವೇ ಪ್ರಯೋಗಕ್ಕೆ ಯೋಗ್ಯ ಎಂಬುದು ಅದರ ವಿಧಿ. ರೋಗಾಣುಗಳ ಅರಿವು ಬಂದುದು ಬಹುಕಾಲದ ತರುವಾಯ. 1867ರಲ್ಲಿ ಜೋಸೆಫ್ ಲಿಸ್ಟರನು ಕಾರ್ಬಾಲಿಕ್ ಆಮ್ಲದ ಪ್ರಯೋಗವನ್ನು ಪ್ರಕಟಿಸಿದನು. 1879ರಲ್ಲಿ ಚಾರ್ಲ್ಸ್ ಷಾಂಬರ್ಲಾನನು ಒತ್ತಡದ ಹಬೆಯಿಂದ ಶುದ್ಧಿಗೊಳಿಸುವ ಆಟೋಕ್ಲೇವನ್ನು ರಚಿಸಿದನು.

ಸ್ಟೇನ್‌ಲೆಸ್ ಸ್ಟೀಲ್ ಎಂದ ಮಾತ್ರಕ್ಕೆ ಅದಕ್ಕೆ ತುಕ್ಕು ಹಿಡಿಯದೆಂದು ಭಾವಿಸಲಾಗದು. ಅದರಲ್ಲಿರುವ ಕ್ರೋಮಿಯಂ ಗಾಳಿಯೊಡನೆ ಸೇರಿ ನಿರ್ಮಿಸುವ ಅತಿ ತೆಳುವಾದ ಪೊರೆಯೇ ಅದರ ಕವಚ. ರಕ್ತ, ಉಪ್ಪುನೀರು, ಬ್ಲೀಚಿಂಗ್ ದ್ರಾವಣಗಳಲ್ಲಿಯ ಕ್ಲೋರೈಡ್ ಈ ಪೊರೆಯನ್ನು ಭೇದಿಸಿ ಗುಳಿಗಳನ್ನು ಮಾಡುತ್ತದೆ. ಆದುದರಿಂದ ರಕ್ತ ಒಣಗುವ ಮುನ್ನವೇ ಉಪಕರಣಗಳನ್ನು ತೊಳೆಯಬೇಕು, ಸಲೈನಿನಲ್ಲಿ ನೆನೆಯಿಡಬಾರದು. ಕೀಲುಗಳನ್ನು ತೆರೆದು, ಸೌಮ್ಯವಾದ ಮಾರ್ಜಕ ದ್ರಾವಣದಲ್ಲಿ ಮೃದು ಬ್ರಷ್‌ನಿಂದ ಉಜ್ಜಬೇಕು. ತಂತಿಯ ಬ್ರಷ್ ಸಲ್ಲದು. ಕಡೆಯ ಜಾಲನೆಗೆ ಬಟ್ಟಿಯಿಳಿಸಿದ ನೀರೇ ಶ್ರೇಷ್ಠ. ಪೂರ್ತಿ ಒಣಗಿಸಿ, ಕೀಲಿಗೆ ನೀರಿನಲ್ಲಿ ಕರಗುವ ಸ್ನೇಹದ್ರವ್ಯವನ್ನು ಲೇಪಿಸಬೇಕು. ತುಕ್ಕು ಹಿಡಿದುದನ್ನು ಉಳಿದವುಗಳಿಂದ ಬೇರ್ಪಡಿಸಬೇಕು.

ದಂತವೈದ್ಯರ ತಿರುಗುವ ಹ್ಯಾಂಡ್‌ಪೀಸ್‌ಗೆ ವಿಶೇಷ ಆರೈಕೆ ಬೇಕು. ಪ್ರತಿ ರೋಗಿಯ ಬಳಿಕ 20ರಿಂದ 30 ಸೆಕೆಂಡುಗಳ ಕಾಲ ನೀರು ಹಾಗೂ ಗಾಳಿಯನ್ನು ಹಾಯಿಸಿ, ಹೊರಗೆ ಶುಚಿಗೊಳಿಸಿ, ತಯಾರಕರು ಹೇಳಿದಂತೆ ಎಣ್ಣೆ ಹಾಕಿ, ಹೆಚ್ಚಿನ ಎಣ್ಣೆಯನ್ನು ಹೊರಹಾಕಿದ ಮೇಲೆಯೇ ಆಟೋಕ್ಲೇವಿಗಿಡಬೇಕು. ಬರಿದೆ ಒರೆಸಿ ಮುಂದಿನ ರೋಗಿಗೆ ಬಳಸುವುದು ಅಪಾಯಕರ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಸೋಂಕು ಹರಡುವ ಶಕ್ತಿಯನ್ನು ಉಳಿಸಿಕೊಳ್ಳಬಲ್ಲದು.

ನೀರಿನಲ್ಲಿ ಕುದಿಸಿದರೆ ಸಾಕೆಂಬ ಹಳೆಯ ರೂಢಿಯನ್ನೂ ಬಿಡಬೇಕು. ಧನುರ್ವಾತದಂಥ ರೋಗಾಣುಗಳ ಬೀಜಕಗಳು ಕುದಿಯುವ ನೀರಿನಲ್ಲಿ ಬದುಕಿ ಉಳಿಯಬಲ್ಲವು. 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒತ್ತಡದ ಹಬೆಯಲ್ಲಿ ಕನಿಷ್ಠ 15 ನಿಮಿಷ ಇರಿಸುವುದು ಸರ್ವಮಾನ್ಯ ಕ್ರಮ. ಪೊಟ್ಟಣದಲ್ಲಿ ಕಟ್ಟಿದವಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ಪೊಟ್ಟಣದ ಪಟ್ಟಿಯ ಬಣ್ಣ ಬದಲಾದರೆ ಶಾಖ ತಗುಲಿತೆಂದಷ್ಟೇ ಅರ್ಥ. ನಿಜವಾದ ಶುದ್ಧಿಯನ್ನು ಬೀಜಕಪರೀಕ್ಷೆಯಿಂದ ವಾರಕ್ಕೊಮ್ಮೆ ಖಚಿತಪಡಿಸಿಕೊಳ್ಳುವುದು ಲೇಸು. ತೊಳೆಯದ ವಸ್ತುವಿಗೆ ಮಾತ್ರ ಯಾವ ಹಬೆಯೂ ಫಲಕಾರಿಯಲ್ಲ.

1963ರಲ್ಲಿ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯವು ಸ್ಥಾಪನೆಗೊಂಡಂದಿನಿಂದ ಈ ಭಾಗದ ತರುಣರಿಗೆ ವೈದ್ಯಶಿಕ್ಷಣವು ಸಮೀಪದಲ್ಲಿಯೇ ದೊರೆಯುತ್ತಿದೆ. ಗ್ರಾಮದ ಆಸ್ಪತ್ರೆಗಳಿಗೆ ಉಪಕರಣಗಳನ್ನು ದಾನ ಮಾಡುವ ಮಹನೀಯರು ಅವುಗಳೊಡನೆ ನೀರನ್ನು ಬಟ್ಟಿಯಿಳಿಸುವ ಸಾಧನವನ್ನೂ, ಉಪಕರಣಗಳನ್ನು ತೊಳೆಯುವ ಸಿಬ್ಬಂದಿಗೆ ತರಬೇತಿಯನ್ನೂ ಒದಗಿಸಿದರೆ ಆ ದಾನ ಬಹುಕಾಲ ಬಾಳುವುದು. ರೋಗಿಯು ವೈದ್ಯನ ಹೆಸರನ್ನು ನೆನೆಯುತ್ತಾನೆ. ಅವನ ಗಾಯ ಕೀವಾಗದೆ ಮಾಯುವಲ್ಲಿ ಹಿಂದಿನ ಕೋಣೆಯಲ್ಲಿ ಕತ್ತರಿಯ ಕೀಲನ್ನು ತೆರೆದು ತೊಳೆದವರ ಶ್ರಮವೂ ಸೇರಿರುತ್ತದೆ.